ಗೈರಾದವರ ಅಂಕ

ಯೋಗರಾಣಿ ಸೊಸೆಯಾಗಿ ಹೊಸ್ತಿಲು ತುಳಿದ ದಿನ ಬಚ್ಚಪ್ಪ ಮನೆಯಲ್ಲಿರಲಿಲ್ಲ. ಮಗ ವೆಂಕಿ ನಿರಾಶ್ರಿತರ ಕ್ಯಾಂಪಿನ ಹುಡುಗಿಯನ್ನು ಕಟ್ಟಿಕೊಂಡು ಬರುತ್ತಿದ್ದಾನೆಂದು ಗೊತ್ತಾದ ಕೂಡಲೇ ಟವೆಲನ್ನು ಹೆಗಲಿಗೆಸೆದುಕೊಂಡು, ಕಾಮಸಮುದ್ರದ ಬಸ್ಸು ಹತ್ತಿ ತಂಗಿಯ ಮನೆಗೆ ಹೊರಟುಹೋಗಿದ್ದ. ಕೋಪ ಇಳಿದ ಮೇಲೆ ವಾಪಸು ಬಂದು ನೋಡಿದರೆ, ಹೆಂಡತಿ ಗಂಗರತ್ನಮ್ಮನ ಕೈಗಲ್ಲದೆ ಇನ್ನಾರಿಗೂ ಹಾಲು ಬಿಡದ ಸೀಮೆಹಸು ಹೊಸ ಸೊಸೆಯ ಪಕ್ಕದಲ್ಲಿ ಮೆಲುಕು ಹಾಕುತ್ತ ಸುಮ್ಮನೆ ನಿಂತಿತ್ತು. ಅವಳು ಬಕೆಟ್ಟಿಗೆ ಹಾಲು ಕರೆಯುತ್ತಿದ್ದಳು.

"ಏನಮ್ಮಾ, ನಿಮ್ಮೂರಾಗೂ ಹಸ ಸಾಕ್ತಿದ್ರಾ?"

"ನಮ್ಗೆ ಊರಿಲ್ಲ ಮಾವ. ಕ್ಯಾಂಪು. ಪಕ್ಕದ ಊರಲ್ಲಿ ಕೂಲಿಗೆ ಹಾಲು ಕರೀತಾ ಇದ್ದೆ."

ಬಚ್ಚಪ್ಪ ಟವೆಲು ಕೊಡವಿಕೊಂಡು ಒಳಗೆ ಹೋದ. ಅಂದು ಸಂಜೆ ಬಂಗಾರಪೇಟೆಯಿಂದ ಬರುವಾಗ ಮಲ್ಲಿಗೆ ಹೂ ತಂದು ಹೆಂಡತಿಯ ಕೈಗಿಟ್ಟು, "ಅವ್ಳಿಗೂ ಕೊಡು" ಎಂದ. ಅಲ್ಲಿಗೆ ಮಗನ ಮೇಲಿನ ಮುನಿಸು ಮುಗಿಯಿತು.

ವೆಂಕಿಯ ಅಕ್ಕ ಶ್ಯಾಮಲ ಇದನ್ನೆಲ್ಲ ಆಮೇಲೆ ಅಮ್ಮನ ಬಾಯಿಂದ ಕೇಳಿದ್ದಳು. ಆಗ ಅವಳಿನ್ನೂ ಗಂಡನ ಮನೆಯಲ್ಲಿದ್ದಳು. ಮರುವರ್ಷ ಆ ಮನೆಯ ಋಣ ಹರಿದುಕೊಂಡು, ಒಂದು ಸೂಟ್‌ಕೇಸಿನೊಂದಿಗೆ ತೌರಿಗೆ ಬಂದು ನಿಂತಾಗ ಊರವರೆಲ್ಲ ಕಾರಣ ಕೇಳಿದರು. ಯೋಗರಾಣಿ ಮಾತ್ರ ಏನೂ ಕೇಳಲಿಲ್ಲ. ತಾನೂ ವೆಂಕಿಯೂ ಮಲಗುತ್ತಿದ್ದ ಕೋಣೆಯನ್ನು ಗುಡಿಸಿ, ಒರೆಸಿ, ಹೊಸ ಹಾಸಿಗೆ ಹಾಸಿ, "ಅಕ್ಕ, ಇದು ನಿಮ್ದು" ಎಂದಳು. ತಾವಿಬ್ಬರೂ ನಡುಮನೆಗೆ ಬಂದರು. ಶ್ಯಾಮಲ ಎಷ್ಟು ಜಗಳವಾಡಿದರೂ ಆ ಕೋಣೆಗೆ ಹಿಂತಿರುಗಲಿಲ್ಲ.

ಯೋಗರಾಣಿಯ ತಾಯಿತಂದೆ ಯುದ್ಧದ ಕಾಲದಲ್ಲಿ ಶ್ರೀಲಂಕೆಯ ಮನ್ನಾರಿನಿಂದ ದೋಣಿ ಹತ್ತಿ ಬಂದವರು. ಅವಳು ಹುಟ್ಟಿದ್ದು ಕೃಷ್ಣಗಿರಿ ಕಡೆಯ ಒಂದು ಕ್ಯಾಂಪಿನಲ್ಲಿ. ಕಡಲು ಹೇಗಿರುತ್ತದೆಂದು ಅವಳು ನೋಡಿಯೇ ಇರಲಿಲ್ಲ. ಬಂಗಾರಪೇಟೆಯ ಗಾರ್ಮೆಂಟ್ಸಿಗೆ ಕೆಲಸಕ್ಕೆ ಬಂದು, ಕೆಲಸದವರನ್ನು ಕರೆತರುತ್ತಿದ್ದ ವೆಂಕಿಯ ವ್ಯಾನಿನಲ್ಲಿ ಕೂತು ಕನ್ನಡ ಕಲಿತಳು. ಆದರೆ ತಾಯಿತಂದೆ ಕಾಗದಪತ್ರವಿಲ್ಲದೆ ಬಂದವರಾದ್ದರಿಂದ, ಇಲ್ಲೇ ಹುಟ್ಟಿದರೂ ಕಾನೂನಿನ ಕಣ್ಣಿಗೆ ಅವಳು ಈ ದೇಶದವಳಲ್ಲ. ಇಲ್ಲಿಯವನನ್ನು ಮದುವೆಯಾದರೂ ಅಲ್ಲ. ಆಗಾಗ ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕು. ಮಗಳು ಸಹನ ಹುಟ್ಟಿದ ಮೇಲೆ ಗೊತ್ತಾಯಿತು, ಆ ಗಂಟು ಮಗುವಿಗೂ ಬಿದ್ದಿದೆಯೆಂದು. ತಾಯಿ ಕಾಗದವಿಲ್ಲದವಳಾದರೆ ಮಗುವೂ ಹಾಗೆಯೇ ಎಂದು ವಕೀಲರು ಹೇಳಿದ್ದರು.

ಈ ಗಂಟಿನ ದೆಸೆಯಿಂದಲೇ ಶ್ಯಾಮಲ 'ನೆಲೆ' ಸೇರಿದ್ದು. ವಲಸೆ ಬಂದವರ, ನಿರಾಶ್ರಿತರ ಪರವಾಗಿ ಕೆಲಸ ಮಾಡುವ ಸಂಸ್ಥೆ ಅದು. ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಬಂಗಾರಪೇಟೆಯ ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ ಪುಟ್ಟ ಶಾಖೆ. ವರ್ಷವರ್ಷವೂ ಈ ಸಂಸ್ಥೆ ಸಂಸದರಿಗೆ ಅಂಕ ಕೊಡುತ್ತಿತ್ತು. ಪೌರತ್ವದ ಬಗ್ಗೆ, ಹೊರಗಿನಿಂದ ಬಂದವರ ಕಾನೂನುಗಳ ಬಗ್ಗೆ ಯಾರು ಸದನದಲ್ಲಿ ಏನು ಮಾತಾಡಿದರು, ಯಾರು ಲಿಖಿತ ಭರವಸೆ ಕೊಟ್ಟರು, ಯಾರು ಕಷ್ಟದಲ್ಲಿದ್ದವರ ಪಾಲಿಗೆ ಬಂದರು, ಯಾರು ಯಾವ ಕಡೆಗೆ ಮತ ಹಾಕಿದರು ಎಂಬುದನ್ನೆಲ್ಲ ಕೂಡಿಸಿ ನೂರಕ್ಕೆ ಇಷ್ಟು ಎಂದು ಪತ್ರಿಕೆಗಳಿಗೆ ಕೊಡುತ್ತಿತ್ತು. ಈ ಸೀಮೆಯ ಸದಸ್ಯರ ವಿವರ ಕಲೆಹಾಕುವುದು ಶ್ಯಾಮಲಳ ಕೆಲಸ. ಅವರಲ್ಲಿ ಅವಳಿಗೆ ಹತ್ತಿರದವರೆಂದರೆ ರಾಜ್ಯಸಭೆಯ ಸದಸ್ಯ ಕೋದಂಡಪ್ಪನವರು.

ಕೋದಂಡಪ್ಪನವರು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಹುಟ್ಟಿದವರು. ಅಪ್ಪ ಸುರಂಗಕ್ಕಿಳಿಯುತ್ತಿದ್ದ ಕಾರ್ಮಿಕ. ಮಗ ಲಾ ಓದಿ, ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರ ಪರ ಪುಕ್ಕಟೆ ಕೇಸು ನಡೆಸಿ, ಕೊನೆಗೆ ರಾಜಕೀಯಕ್ಕೆ ಬಂದರು. ಬಚ್ಚಪ್ಪನ ಜಮೀನಿನ ವ್ಯಾಜ್ಯವನ್ನು ಬಿಡಿಸಿದವರೂ ಅವರೇ. ಯೋಗರಾಣಿ ತುಂಬು ಬಸುರಿಯಾಗಿದ್ದಾಗ ಹೊಸದಾಗಿ ಬಂದ ಇನ್ಸ್‌ಪೆಕ್ಟರೊಬ್ಬ ಅವಳನ್ನು ಠಾಣೆಯಲ್ಲಿ ಕೂರಿಸಿಕೊಂಡು, ಕ್ಯಾಂಪಿಗೆ ವಾಪಸು ಕಳಿಸುತ್ತೇನೆಂದು ಹಟ ಹಿಡಿದಿದ್ದ. ಕೋದಂಡಪ್ಪನವರು ಫೋನು ಮಾಡಿ ಸುಮ್ಮನಾಗಲಿಲ್ಲ. ತಾವೇ ಬಂದರು. ಠಾಣೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತು, "ಇವ್ಳನ್ನ ಕಳ್ಸಾಗಂಟ ನಾನೂ ಇಲ್ಲೇ ಇರ್ತೀನಿ ಕಣಪ್ಪಾ, ನನ್ಗೇನೂ ಅವಸರ ಇಲ್ಲ" ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ಸ್‌ಪೆಕ್ಟರೇ ಕೈಮುಗಿದು ಕಳಿಸಿಕೊಟ್ಟ. ಅಂದಿನಿಂದ ಆ ಮನೆಯಲ್ಲಿ ಕೋದಂಡಪ್ಪನವರ ಹೆಸರನ್ನು ಯಾರೂ ಬರಿದೇ ಎತ್ತುತ್ತಿರಲಿಲ್ಲ. ಗಂಗರತ್ನಮ್ಮನಂತೂ "ಆ ಪುಣ್ಯಾತ್ಮ" ಎಂದೇ ಶುರುಮಾಡುತ್ತಿದ್ದಳು.

ಸಹನಳನ್ನು ಒಂದನೇ ತರಗತಿಗೆ ಸೇರಿಸಿದ ವರ್ಷ ಮನ್ನಾರಿನಿಂದ ಫೋನು ಬಂತು. ಗಂಡ ಕ್ಯಾಂಪಿನಲ್ಲೇ ತೀರಿಕೊಂಡಿದ್ದರಿಂದ, ಯುದ್ಧ ಮುಗಿದ ಮೇಲೆ ಯೋಗರಾಣಿಯ ತಾಯಿ ಒಬ್ಬಳೇ ತನ್ನ ಹಳೆಯ ಮನೆಯ ಜಾಗ ನೋಡಿಕೊಳ್ಳಲು ಅಲ್ಲಿಗೆ ಮರಳಿದ್ದಳು. ಈಗ ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಕೈಬಿಟ್ಟಿದ್ದರು. ವಿಡಿಯೋದಲ್ಲಿ ತಾಯಿಯ ಮುಖ ನೋಡಿದ ಯೋಗರಾಣಿ ಫೋನನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು, ಕೊಟ್ಟಿಗೆಯ ಗೋಡೆಗೊರಗಿ ಕುಸಿದು ಕೂತಳು.

"ಅಮ್ಮನ್ನ ಒಂದ್ಸಲ ನೋಡ್ಬೇಕು ಅಕ್ಕ. ಒಂದೇ ಒಂದ್ಸಲ."

ನೋಡಲು ಹೋಗಬಹುದಿತ್ತು. ಅರ್ಜಿ ಹಾಕಿದರೆ ದೇಶ ಬಿಡಲು ಸರ್ಕಾರ ಅನುಮತಿ ಕೊಡುತ್ತದೆ. ಆದರೆ ಅದು ಬಿಡುವುದಕ್ಕೆ ಮಾತ್ರ. ಹೋದವಳು ಹಿಂತಿರುಗುವುದಕ್ಕೆ ಅವಳಲ್ಲಿ ಪಾಸ್‌ಪೋರ್ಟಿಲ್ಲ, ಇಲ್ಲಿ ಅವಳಿಗೆ ಹಕ್ಕಿಲ್ಲ. ತಾಯಿಯ ಮುಖ ನೋಡಬೇಕೆಂದರೆ ಮಗಳ ಮುಖ ಬಿಡಬೇಕು.

ಅದೇ ಹೊತ್ತಿಗೆ ದೆಹಲಿಯಲ್ಲಿ ಹೊರದೇಶದವರ ಬಗ್ಗೆ ಹೊಸದೊಂದು ಮಸೂದೆ ಚರ್ಚೆಗೆ ಬಂತು. ಸದಸ್ಯರೊಬ್ಬರು ಅದಕ್ಕೊಂದು ತಿದ್ದುಪಡಿ ಸೂಚಿಸಿದರು. ಇಲ್ಲಿಯ ಕ್ಯಾಂಪುಗಳಲ್ಲಿ ಹುಟ್ಟಿದವರು, ಇಲ್ಲಿಯವರನ್ನು ಮದುವೆಯಾದವರು ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂಬುದು ಅದರ ಸಾರ. 'ನೆಲೆ'ಯವರು ಸಂಸದರ ಮನೆಮನೆಗೆ ಹೋಗಿ ಬೆಂಬಲ ಕೇಳತೊಡಗಿದರು. ಶ್ಯಾಮಲ ಯೋಗರಾಣಿಯನ್ನೂ ಕರೆದುಕೊಂಡು ಗಣಿಯ ಕೋರಮಂಡಲ್ ಬಡಾವಣೆಯಲ್ಲಿದ್ದ ಕೋದಂಡಪ್ಪನವರ ಮನೆಗೆ ಹೋದಳು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿಗೆ ಬೂದು ಧೂಳು ಎದ್ದು ವರಾಂಡದ ಕುರ್ಚಿಗಳ ಮೇಲೆಲ್ಲ ಕೂತಿತ್ತು. ಕೋದಂಡಪ್ಪನವರು ತಮ್ಮ ಟವೆಲಿನಿಂದಲೇ ಕುರ್ಚಿ ಒರೆಸಿ, "ಕೂತ್ಕಾ ತಾಯಿ" ಎಂದು ಯೋಗರಾಣಿಯನ್ನು ಕೂರಿಸಿದರು. ತಾಯಿಯ ಸುದ್ದಿ ಕೇಳುತ್ತ ಅವರ ಕಣ್ಣು ತುಂಬಿದವು.

"ನಮ್ಮಪ್ಪ ಸಾಯೋವಾಗ ನಾನು ಪಕ್ಕದಲ್ಲಿರ್ಲಿಲ್ಲ ಕಣಮ್ಮ. ಮದ್ರಾಸಿನಾಗೆ ಓದ್ತಿದ್ದೆ. ಅದು ಎಂಥಾ ಸಂಕಟ ಅಂತ ನನ್ಗೊತ್ತು" ಎಂದರು. ಶ್ಯಾಮಲ ಮುಂದಿಟ್ಟ ಭರವಸೆಯ ಪತ್ರಕ್ಕೆ ಓದದೆಯೇ ಸಹಿ ಮಾಡಿದರು. "ನನ್ನ ಮತ ಬಿದ್ದೇ ಬೀಳ್ತದೆ. ಓಗು, ನಿಮ್ಮತ್ತೇಗೂ ಈ ಮಾತ್ ಏಳು."

ಅವರು ಬರಿಯ ಬಾಯಿಮಾತಿನವರಾಗಿರಲಿಲ್ಲ. ಚರ್ಚೆಯ ಮೊದಲ ದಿನ ಸದನದಲ್ಲಿ ಎದ್ದು ನಿಂತು ಮಾತಾಡಿದರು. ತಮ್ಮ ಸೀಮೆಯ ಚಿನ್ನವನ್ನು ಅಗೆದವರೆಲ್ಲ ಬೇರೆಲ್ಲಿಂದಲೋ ಬಂದವರೇ, ಬಂದವರನ್ನು ಈ ನೆಲ ಎಂದೂ ಊರು ಯಾವುದೆಂದು ಕೇಳಲಿಲ್ಲ ಎಂದರು. 'ನೆಲೆ'ಯ ಕಚೇರಿಯಲ್ಲಿ ಆ ಭಾಷಣವನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಶ್ಯಾಮಲ ಅದನ್ನು ಫೋನಿಗಿಳಿಸಿಕೊಂಡಳು. ಮನೆಗೆ ಬಂದು ಎಲ್ಲರಿಗೂ ತೋರಿಸಿದಳು. ಬಚ್ಚಪ್ಪ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ. ಯೋಗರಾಣಿ ಅದನ್ನು ಮನ್ನಾರಿಗೆ ಕಳಿಸಿ, "ಅಮ್ಮಾ, ಬೇಗ ಬರ್ತೀನಿ" ಎಂದು ತಮಿಳಿನಲ್ಲಿ ಹೇಳಿದಳು.

ಮತದಾನದ ದಿನ ಯೋಗರಾಣಿಯೂ ಕಚೇರಿಗೆ ಬಂದಳು. ಪರದೆಯ ಮೇಲೆ ಸದನ ಕಾಣಿಸುತ್ತಿತ್ತು. ಕೋದಂಡಪ್ಪನವರು ತಮ್ಮ ಜಾಗದಲ್ಲಿ ಕೂತಿದ್ದರು. ತಿದ್ದುಪಡಿಯನ್ನು ಮತಕ್ಕೆ ಹಾಕುವ ಗಂಟೆ ಮೊಳಗಿತು. ಮುಂದಿನ ಸಾಲಿನಿಂದ ಅವರ ಪಕ್ಷದ ಒಬ್ಬ ಮುಖಂಡ ಹಿಂತಿರುಗಿ ಏನೋ ಹೇಳಿದ. ಕೋದಂಡಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಎದ್ದು, ಬಾಗಿಲ ಕಡೆ ನಡೆದರು.

"ಎಲ್ಲಿಗ್ ಹೋಗ್ತಾ ಇದಾರೆ ಅಕ್ಕ?"

"ನೀರು ಕುಡಿಯೋಕೇನೋ. ಬತ್ತಾರೆ ಇರು."

ಬರಲಿಲ್ಲ. ಬಾಗಿಲು ಮುಚ್ಚಿದರು, ಮತ ಎಣಿಸಿದರು. ತಿದ್ದುಪಡಿ ಬಿದ್ದುಹೋಯಿತು. ಅವರೊಬ್ಬರು ಮತ ಹಾಕಿದ್ದರೂ ಅದು ಗೆಲ್ಲುತ್ತಿರಲಿಲ್ಲ. ಅಂತರ ದೊಡ್ಡದಿತ್ತು. ಅದು ಶ್ಯಾಮಲಳಿಗೂ ತಿಳಿಯುತ್ತಿತ್ತು. ಆದರೂ ಖಾಲಿ ಕುರ್ಚಿಯಿಂದ ಕಣ್ಣು ಕೀಳಲಾಗಲಿಲ್ಲ. ಯೋಗರಾಣಿ ಅಳಲಿಲ್ಲ. "ಮನೆಗೆ ಹೋಗೋಣ ಅಕ್ಕ, ಹಾಲು ಕರೆಯೋ ಹೊತ್ತಾಯ್ತು" ಎಂದಳು.

ಅಂಕ ಕೊಡುವ ಕಾಲ ಬಂತು. ಮುಖ್ಯ ಕಚೇರಿಯ ವಿಜಯಕುಮಾರ್ ವಿವರ ಕೇಳಿದಾಗ ಶ್ಯಾಮಲ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿದಳು. ಸದನದ ಭಾಷಣ ಬರೆದಳು. ಸಹಿ ಹಾಕಿದ ಭರವಸೆ ಬರೆದಳು. ಹಿಂದೆ ಎಂದಾದರೂ ಕಷ್ಟಕ್ಕೆ ಬಂದ ಪ್ರಸಂಗ ಇದೆಯೇ ಎಂಬಲ್ಲಿ, ಬಸುರಿ ಹೆಂಗಸಿನ ಪಕ್ಕದಲ್ಲಿ ಠಾಣೆಯ ಬೆಂಚಿನ ಮೇಲೆ ಕೂತದ್ದನ್ನು ಬರೆಯದಿರಲು ಅವಳಿಗೆ ಮನಸ್ಸೊಪ್ಪಲಿಲ್ಲ. ಅದೂ ಸತ್ಯವೇ ತಾನೆ. ಮತದ ಜಾಗದಲ್ಲಿ, 'ಬೇಕೆಂದೇ ಎದ್ದುಹೋದರು' ಎಂದು ಬರೆದಳು.

ಫಲಿತಾಂಶ ಬಂದಾಗ ಕೋದಂಡಪ್ಪನವರಿಗೆ ನೂರಕ್ಕೆ ತೊಂಬತ್ತಾರು. ರಾಜ್ಯಕ್ಕೇ ಮೊದಲಿಗರು.

ಶ್ಯಾಮಲ ತಪ್ಪಾಗಿರಬೇಕೆಂದು ಕೂಡಲೇ ಫೋನು ಮಾಡಿದಳು.

"ತಪ್ಪೇನಿಲ್ಲ ಶ್ಯಾಮಲ" ಎಂದರು ವಿಜಯಕುಮಾರ್. "ಗೈರಾದವರ ಮತಾನ ನಾವು ಲೆಕ್ಕಕ್ಕೇ ಹಿಡಿಯಲ್ಲ. ಉಳಿದಿದ್ದನ್ನ ನೂರಕ್ಕೆ ಏರಿಸ್ತೀವಿ. ಹುಷಾರಿಲ್ಲದೆ ಇದ್ದವರಿಗೆ ಅನ್ಯಾಯ ಆಗಬಾರದಲ್ವಾ? ಮೊದಲಿಂದ ಇರೋ ನಿಯಮ."

"ಇವ್ರಿಗೆ ಹುಷಾರಿತ್ತು ಸಾರ್. ನಾನೇ ನೋಡ್ದೆ, ಎದ್ದು ಆಚೆ ಓದ್ರು."

ಅವರು ದನಿ ತಗ್ಗಿಸಿ ಹೇಳಿದರು. "ನೀನು ಹೇಳೋದು ನಿಜ. ಆದರೆ ಎದ್ದುಹೋದವರಿಗೆಲ್ಲ ಸೊನ್ನೆ ಕೊಟ್ಟರೆ, ನಮ್ಮವರು ಅಂತ ಇರೋರಲ್ಲಿ ಅರ್ಧ ಜನ ಫೇಲಾಗ್ತಾರಮ್ಮ. ನಾಳೆ ಯಾರ ಮನೆ ಬಾಗಿಲಿಗೆ ಹೋಗೋದು? ವಿರುದ್ಧ ಮತ ಹಾಕಲಿಲ್ಲವಲ್ಲ, ಅದೇ ಈ ಕಾಲಕ್ಕೆ ದೊಡ್ಡದು."

ಕೆಟ್ಟ ಮನುಷ್ಯರಾಗಿದ್ದರೆ ಬೈದು ಫೋನಿಡಬಹುದಿತ್ತು. ವಿಜಯಕುಮಾರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮನೆಯಲ್ಲೂ ಅಪ್ಪ ಅದನ್ನೇ ಅಂದ. "ಅವ್ರನ್ನ ಎದುರಾಕ್ಕೊಂಡ್ರೆ ನಾಳೆ ರಾಣೀನ ಟೇಸನ್‌ಗೆ ಕರುದ್ರೆ ಯಾರಮ್ಮೋ ಬತ್ತಾರೆ? ಸುಮ್ಕಿರು."

ಮೊದಲಿಗರಾದವರಿಗೆ 'ನೆಲೆ' ಇಟ್ಟುಕೊಂಡ ಸನ್ಮಾನ ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನೆರವು ಪಡೆದವರಲ್ಲಿ ಒಬ್ಬರು ಮಾತಾಡಿದರೆ ಚೆನ್ನ ಎಂದು ಮುಖ್ಯ ಕಚೇರಿಯವರು ಯೋಗರಾಣಿಯ ಹೆಸರನ್ನೇ ಸೂಚಿಸಿದ್ದರು. ಶ್ಯಾಮಲ ಬೇಡವೆಂದಳು. ಯೋಗರಾಣಿಯೇ, "ನಾನು ಮಾತಾಡ್ತೀನಿ" ಎಂದು ಒಪ್ಪಿಕೊಂಡಳು. ಮದುವೆಯ ಸೀರೆ ಉಟ್ಟು, ಸಹನಳಿಗೆ ಎರಡು ಜಡೆ ಹೆಣೆದು ಮುಂದಿನ ಸಾಲಿನಲ್ಲಿ ಕೂತಳು. ಕೋದಂಡಪ್ಪನವರಿಗೆ ಶಾಲು ಹೊದಿಸಿ, ಹಾರ ಹಾಕಿದರು. ಆಮೇಲೆ ಅವಳನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು.

"ನಮಸ್ಕಾರ" ಎಂದಳು. ಮೈಕಿನಲ್ಲಿ ತನ್ನ ದನಿ ಕೇಳಿ ತಾನೇ ಬೆಚ್ಚಿದವಳು ಮತ್ತೆ ಸಾವರಿಸಿಕೊಂಡಳು. "ಸಾರ್ ಇಲ್ದೇ ಇದ್ರೆ ನನ್ನ ಮಗು ಈ ಊರಲ್ಲಿ ಹುಟ್ತಾ ಇರ್ಲಿಲ್ಲ. ನಾನು ಸಾಯೋವರ್ಗೂ ಮರೆಯಲ್ಲ. ದಿನಾ ದೀಪ ಹಚ್ಚುವಾಗ ಸಾರ್ ಹೆಸ್ರು ಹೇಳ್ತೀನಿ."

ಜನ ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದು, ಅವಳು ಕೋದಂಡಪ್ಪನವರ ಕಡೆ ತಿರುಗಿದಳು. ದನಿಯಲ್ಲಿ ಕೋಪವಿರಲಿಲ್ಲ.

"ಅವತ್ತು ಯಾಕೆ ಸಾರ್ ಎದ್ದು ಹೋದ್ರಿ?"

ನಿರೂಪಣೆ ಮಾಡುತ್ತಿದ್ದವನು ಮೈಕು ಇಸಿದುಕೊಳ್ಳಲು ಎರಡು ಹೆಜ್ಜೆ ಮುಂದಿಟ್ಟ. ಕೋದಂಡಪ್ಪನವರು ಕೈ ಎತ್ತಿ ಅವನನ್ನು ತಡೆದರು. ಕುರ್ಚಿಯ ಕೈಹಿಡಿಕೆ ಹಿಡಿದುಕೊಂಡು ಕೂತಲ್ಲಿಂದಲೇ ಹೇಳಿದರು.

"ವಿರುದ್ಧ ಗುಂಡಿ ಒತ್ತೋಕೆ ಮನಸ್ಸು ಬರ್ಲಿಲ್ಲ ತಾಯಿ. ಪರ ಒತ್ತೋಕೆ ಧೈರ್ಯ ಬರ್ಲಿಲ್ಲ. ಒತ್ತಿದ್ರೆ ಪಕ್ಷದಾಗೆ ನನ್ನ ಇಡ್ತಿರ್ಲಿಲ್ಲ. ಈ ವಯಸ್ಸಿನಾಗೆ ಎಲ್ಲಿಗೋಗ್ಲಿ ಅನ್ನಿಸ್ತು."

ಎಲ್ಲಿಗೆ ಹೋಗಲಿ ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ, ಅದನ್ನು ಯಾರ ಮುಂದೆ ಆಡಿದೆನೆಂದು ಅವರಿಗೇ ಹೊಳೆದಿರಬೇಕು. ತಲೆ ತಗ್ಗಿಸಿದರು. ಯೋಗರಾಣಿ ಮೈಕನ್ನು ಮೇಜಿನ ಮೇಲಿಟ್ಟು, ಅವರಿಗೆ ಬಗ್ಗಿ ನಮಸ್ಕಾರ ಮಾಡಿ ಕೆಳಗಿಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಏನೂ ತೋಚದೆ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಕಾರ್ಯಕ್ರಮ ಮುಂದುವರಿಯಿತು.

ಅಂದು ಬಸ್ಸಿನಲ್ಲಿ ಯೋಗರಾಣಿ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಇಳಿಯುವ ಹೊತ್ತಿಗೆ ಹೇಳಿದಳು.

"ನಾನು ಹೋಗ್ತೀನಿ ಅಕ್ಕ. ಕಾನೂನು ಬರೋವರ್ಗೂ ನಾನು ಕಾಯ್ತೀನಿ, ಅಮ್ಮ ಕಾಯಲ್ಲ."

"ಸಹನ?"

"ಅವ್ಳಿಗೆ ನೀವಿದೀರ. ಅಮ್ಮಂಗೆ ಅಲ್ಲಿ ನೀರು ಕೊಡೋಕೂ ಯಾರಿಲ್ಲ."

ಗಂಗರತ್ನಮ್ಮ ಗೋಳೋ ಎಂದು ಅತ್ತಳು, ಬೈದಳು, ಸೊಸೆಯ ಕೈ ಹಿಡಿದು ಬೇಡಿಕೊಂಡಳು. ವೆಂಕಿ ಮಾತ್ರ ಅವಳನ್ನು ಕಚೇರಿಯಿಂದ ಕಚೇರಿಗೆ ವ್ಯಾನಿನಲ್ಲಿ ಕರೆದೊಯ್ದ. ಇಲ್ಲಿರಲು ಅನುಮತಿಗೆ ಅಷ್ಟು ವರ್ಷ ಸುತ್ತಿಸಿದ ಸರ್ಕಾರ, ಹೋಗಲು ಬೇಗನೆ ಕೊಟ್ಟಿತು.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮದ್ರಾಸಿನ ಕಡೆಯ ರೈಲಿಗೆ ಕಾಯುವಾಗ ಬಚ್ಚಪ್ಪ ಮೊಮ್ಮಗಳಿಗೆ, "ನಿಮ್ಮಮ್ಮ ಅಜ್ಜೀನ ನೋಡ್ಕೊಂಡು ಬಿರ್ನೆ ಬತ್ತಾಳೆ ಕಣೇ" ಎಂದ. ಯೋಗರಾಣಿ ಮಾವನ ಮುಖ ನೋಡಿದಳು. ಮಗಳ ಮುಂದೆ ಪ್ಲಾಟ್‌ಫಾರಮ್ಮಿನ ಮೇಲೆ ಮಂಡಿಯೂರಿ ಕೂತಳು.

"ಬರೋಕೆ ತುಂಬ ಕಷ್ಟ ಕಂದಾ. ಆದ್ರೂ ಅಮ್ಮ ಬರೋಕೆ ನೋಡ್ತಾನೇ ಇರ್ತಾಳೆ. ಅದೊಂದು ನೆನ್ಪಿಟ್ಕೋ" ಎಂದಳು.

ಸಹನ ತಲೆಯಾಡಿಸಿದಳು. ಅವಳ ಗಮನವೆಲ್ಲ ಬರುತ್ತಿದ್ದ ರೈಲಿನ ಮೇಲಿತ್ತು.

ಯೋಗರಾಣಿ ಸೇರಿದ ಮೇಲೆ ಅವಳ ತಾಯಿ ಎರಡು ತಿಂಗಳು ಬದುಕಿದ್ದಳು. ಮಗಳ ಕೈಯಿಂದಲೇ ಗಂಜಿ ಕುಡಿದು, ಮಗಳ ಮಡಿಲಲ್ಲೇ ಪ್ರಾಣ ಬಿಟ್ಟಳಂತೆ. ತಿಥಿ ಮುಗಿಸಿ, ಅಲ್ಲಿಯ ಪಾಸ್‌ಪೋರ್ಟು ಮಾಡಿಸಿಕೊಂಡು ಯೋಗರಾಣಿ ಭಾರತದ ವೀಸಾಗೆ ಅರ್ಜಿ ಹಾಕಿದಳು. ಹಿಂದೆ ಕಾಗದವಿಲ್ಲದೆ ಇಲ್ಲಿದ್ದವಳೆಂದು ತಿರಸ್ಕಾರವಾಯಿತು. ಕೋದಂಡಪ್ಪನವರು ತಾವಾಗಿಯೇ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಶಿಫಾರಸು ಪತ್ರ ಕೊಟ್ಟುಹೋದರು. ಗಂಗರತ್ನಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಆ ಪತ್ರವಿಟ್ಟು ಮತ್ತೆ ಅರ್ಜಿ ಹಾಕಿದರೂ ತಿರಸ್ಕಾರವೇ ಬಂತು.

ಶ್ಯಾಮಲ 'ನೆಲೆ'ಯ ವಾರ್ಷಿಕ ಸಭೆಗೆ ಹೋಗಿ, ಬೇಕೆಂದೇ ಎದ್ದುಹೋದವರನ್ನು ವಿರುದ್ಧ ಮತ ಹಾಕಿದವರಂತೆಯೇ ಎಣಿಸಬೇಕೆಂದು ವಾದಿಸಿದಳು. ಆ ದಿನದ ಖಾಲಿ ಕುರ್ಚಿಯನ್ನೂ, ಯೋಗರಾಣಿ ಕೇಳಿದ ಪ್ರಶ್ನೆಯನ್ನೂ, ಬಂದ ಉತ್ತರವನ್ನೂ ಹೇಳಿದಳು. ಹಲವರ ಕಣ್ಣು ಒದ್ದೆಯಾದವು. ಕೊನೆಗೆ ಕೈ ಎತ್ತಿಸಿದಾಗ ಅವಳ ಪರ ಎದ್ದ ಕೈಗಳು ಕಡಿಮೆ. ಕೆಲವರು ಅಷ್ಟರಲ್ಲಿ ಕಾಫಿಗೆಂದು ಹೊರಗೆ ಹೋಗಿದ್ದರು. ಕೆಲಸ ಬಿಡಬೇಕೆನ್ನಿಸಿತು. ಆದರೆ ಕಾಮಸಮುದ್ರದ ಕಡೆಯಿಂದ ಅಂಥದೇ ಗಂಟು ಹೊತ್ತ ಇನ್ನೊಬ್ಬ ಹೆಂಗಸು ಮಾರನೆಯ ದಿನವೇ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದಳು. ಶ್ಯಾಮಲ ಬಿಡಲಿಲ್ಲ.

ಬೇಸಿಗೆ ರಜೆಗೆ ವೆಂಕಿ ಮಗಳನ್ನು ಕರೆದುಕೊಂಡು ಮನ್ನಾರಿಗೆ ಹೋಗಬೇಕೆಂದುಕೊಂಡ. ಅವನಿಗೆ ಪಾಸ್‌ಪೋರ್ಟು ಬಂತು. ಸಹನಳದ್ದು ತಾಯಿಯ ವಿವರ ಕೇಳುವ ಜಾಗದಲ್ಲಿ ನಿಂತುಹೋಯಿತು. ಕೊನೆಗೆ ಅವನೊಬ್ಬನೇ ಹೊರಟ. "ಅಮ್ಮನ ಹತ್ರ ಓಗ್ತಾ ಇದೀನಿ" ಎಂದಾಗ ಸಹನ ಕುಣಿದಾಡಿದಳು. ಅಪ್ಪ ಹೋಗಿದ್ದಾನೆ, ಅಮ್ಮನನ್ನು ಕರೆದುಕೊಂಡು ಬರುತ್ತಾನೆ ಎಂದು ಶಾಲೆಯ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು. ಹಾಗಲ್ಲ ಎಂದು ತಿಳಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಶ್ಯಾಮಲಳಿಗೂ ಬರಲಿಲ್ಲ.

ವೆಂಕಿ ವಾಪಸಾದ ದಿನ ಶ್ಯಾಮಲ ಸಹನಳನ್ನು ಕರೆದುಕೊಂಡು ಬಸ್‌ಸ್ಟಾಪಿಗೆ ಬಂದಳು. ಸಂಜೆಯ ಬಸ್ಸು ಬಂದು ನಿಂತಿತು. ವೆಂಕಿ ಇಳಿದ. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬಂದಿತ್ತು. ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಮಗಳ ಕಡೆ ಎರಡೂ ಕೈ ಚಾಚಿದ. ಸಹನ ಅವನನ್ನು ದಾಟಿ ಬಸ್ಸಿನ ಬಾಗಿಲಿಗೆ ಓಡಿದಳು. ಇಳಿಯುತ್ತಿದ್ದವರ ಮುಖವನ್ನು ಒಂದೊಂದಾಗಿ ನೋಡಿದಳು. ಕೊನೆಯ ಮುದುಕಿಯೂ ಇಳಿದ ಮೇಲೆ ಮೆಟ್ಟಿಲು ಹತ್ತಿ ಒಳಗೆ ಇಣುಕಿದಳು. ಕಂಡಕ್ಟರು, "ಯಾರ್ನ ನೋಡ್ತಾ ಇದೀಯಮ್ಮ? ಇನ್ಯಾರೂ ಇಲ್ಲ" ಎಂದು ಮೆಲ್ಲನೆ ಇಳಿಸಿದ.

ಬಸ್ಸು ಹೊರಟುಹೋಯಿತು. ಸಹನ ಅಪ್ಪನ ಹತ್ತಿರ ಬಂದು ನಿಂತಳು. ಅಳಲಿಲ್ಲ.

"ಅಮ್ಮನ್ನ ಅಲ್ಲೇ ಬಿಟ್ಬುಟ್ ಬಂದ್ಯಾ ಅಪ್ಪ?"

ವೆಂಕಿ ರಸ್ತೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಶ್ಯಾಮಲ ಒಂದು ಕೈಯಲ್ಲಿ ತಮ್ಮನ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಮಗುವನ್ನು ಹತ್ತಿರಕ್ಕೆಳೆದುಕೊಂಡಳು. ಮಗು ಬಂತು, ಆದರೆ ಅವಳ ಸೊಂಟಕ್ಕೊರಗದೆ, ಬಸ್ಸು ಹೋದ ದಾರಿಯನ್ನೇ ನೋಡುತ್ತ ನೆಟ್ಟಗೆ ನಿಂತಿತ್ತು.